ಯಂತ್ರಾಂಶ ಸ್ಥಿತ್ಯಂತರದಲ್ಲಿ ವರ್ಚುವಲ್ ಮಷೀನ್‌ಗಳು

ವರ್ಚುವಲ್ ಮಷೀನ್ ಅಥವಾ ವಿಎಂ ಎಂದರೆ ನಿಜವಾದ ಒಂದು ಕಂಪ್ಯೂಟರಿನೊಳಗೆ ತಂತ್ರಾಂಶದ ಬಲದಿಂದ ರೂಪುಗೊಂಡು, ತನ್ನದೇ ಮೆಮೊರಿ, ಡಿಸ್ಕ್, ಕಾರ್ಯಾಚರಣ ವ್ಯವಸ್ಥೆಗಳೊಂದಿಗೆ ಪ್ರತ್ಯೇಕ ಕಂಪ್ಯೂಟರಿನಂತೆಯೇ ನಡೆದುಕೊಳ್ಳುವ ವ್ಯವಸ್ಥೆ. ಕಂಪ್ಯೂಟರುಗಳು ಒಂದು ಬಗೆಯ ಪ್ರೊಸೆಸರಿನಿಂದ ಇನ್ನೊಂದಕ್ಕೆ ಹೊರಳುವ ವರ್ಷಗಳಲ್ಲಿ ಹಳೆಯ ಪ್ರೋಗ್ರಾಂಗಳನ್ನು ಬಳಕೆಯಲ್ಲಿ ಉಳಿಸಿಕೊಳ್ಳಲು ಇದು ಮುಖ್ಯ ಸಾಧನ. ವಿಎಂ ತನ್ನೊಳಗೆ ಇಲ್ಲದ ಡಿಸ್ಕನ್ನು, ಇಲ್ಲದ ನೆಟ್‌ವರ್ಕ್ ಕಾರ್ಡನ್ನು ಇದ್ದಂತೆ ತೋರಿಸಬಲ್ಲದು. ಪ್ರೊಸೆಸರನ್ನು ಮಾತ್ರ ಅದು ಹೊಸದಾಗಿ ಹುಟ್ಟಿಸುವುದಿಲ್ಲ, ಇರುವುದನ್ನೇ ಹಂಚಿಕೊಡುತ್ತದೆ. ಹೀಗಾಗಿ ಪ್ರೊಸೆಸರಿನ ಬಗೆಯೇ ಬದಲಾದಾಗ, ಹಳೆಯ ವಿಎಂಗಳು ಪೂರ್ಣ ವೇಗದಲ್ಲಿ ಓಡುವ ಜಾಗ ಹಳೆಯ ಕಂಪ್ಯೂಟರೊಂದೇ ಆಗಿರುತ್ತದೆ. ಸ್ಥಿತ್ಯಂತರ ಕಾಲದಲ್ಲಿ ಹಳೆಯ ಕಂಪ್ಯೂಟರನ್ನು ಕೈಬಿಡದೆ ಇಟ್ಟುಕೊಳ್ಳುವ ರೂಢಿಗೆ ಇದೇ ಕಾರಣ.

ಪರಿಭಾಷೆ

ನಿಜವಾದ ಕಂಪ್ಯೂಟರಿಗೆ ಹೋಸ್ಟ್ ಎಂದೂ ಅದರೊಳಗೆ ಓಡುವ ವ್ಯವಸ್ಥೆಗೆ ಗೆಸ್ಟ್ ಎಂದೂ ಹೆಸರು. ಎರಡರ ನಡುವೆ ನಿಂತು ಪ್ರೊಸೆಸರಿನ ಸಮಯವನ್ನೂ ಮೆಮೊರಿಯನ್ನೂ ಹಂಚುವ ತಂತ್ರಾಂಶ ಹೈಪರ್‌ವೈಸರ್. ಒಂದು ಪ್ರೊಸೆಸರಿಗೆ ಅರ್ಥವಾಗುವ ಮೂಲ ಸೂಚನೆಗಳ ಒಟ್ಟು ಸಮೂಹವೇ ಸೂಚನಾಗಣ. ಇಂಟೆಲ್ ಮತ್ತು ಎಎಂಡಿ ಪ್ರೊಸೆಸರುಗಳದ್ದು ಎಕ್ಸ್86, ಮೊಬೈಲುಗಳದ್ದೂ ಇತ್ತೀಚಿನ ಮ್ಯಾಕ್‌ಗಳದ್ದೂ ಆರ್ಮ್.

ಮೂರು ಪದಗಳನ್ನು ಒಂದರೊಡನೊಂದು ಬೆರೆಸಬಾರದು. ಹೋಸ್ಟ್ ಮತ್ತು ಗೆಸ್ಟ್ ಎರಡರದ್ದೂ ಒಂದೇ ಸೂಚನಾಗಣವಾಗಿದ್ದು, ಗೆಸ್ಟ್‌ನ ಸೂಚನೆಗಳನ್ನು ಪ್ರೊಸೆಸರ್ ನೇರವಾಗಿ ನಡೆಸಿದರೆ ಅದು ವರ್ಚುವಲೈಸೇಶನ್. ಬೇರೆ ಸೂಚನಾಗಣದ ಇಡೀ ಕಂಪ್ಯೂಟರನ್ನು ತಂತ್ರಾಂಶ ಅನುಕರಿಸಿದರೆ ಅದು ಎಮ್ಯುಲೇಶನ್. ಇಡೀ ಕಂಪ್ಯೂಟರನ್ನು ಬಿಟ್ಟು ಒಂದು ಪ್ರೋಗ್ರಾಮಿನ ಸೂಚನೆಗಳನ್ನಷ್ಟೇ ಇನ್ನೊಂದು ಸೂಚನಾಗಣಕ್ಕೆ ಮಾರ್ಪಡಿಸಿದರೆ ಅದು ಬೈನರಿ ಅನುವಾದ. ದಿನಬಳಕೆಯ ಮಾತಿನಲ್ಲಿ ಮೂರನ್ನೂ ವಿಎಂ ಎಂದೇ ಕರೆಯುವುದುಂಟು. ಹಳೆಯ ವಿಎಂ ಹೊಸ ಕಂಪ್ಯೂಟರಿನಲ್ಲೂ ಓಡುತ್ತದೆಂದು ನಂಬಿ ಹಳೆಯದನ್ನು ಮಾರಿಬಿಡುವ ತಪ್ಪು ಹುಟ್ಟುವುದು ಈ ಬೆರಕೆಯಿಂದಲೇ.

ಮೂಲ

ಎಮ್ಯುಲೇಶನ್ ಹುಟ್ಟಿದ್ದೇ ಸ್ಥಿತ್ಯಂತರದ ಒತ್ತಡದಲ್ಲಿ. ಐಬಿಎಂ 1964ರ ಏಪ್ರಿಲ್ 7ರಂದು ಸಿಸ್ಟಂ/360 ಸಾಲನ್ನು ಘೋಷಿಸಿದಾಗ, ಅದರ ಹಳೆಯ 1401 ಕಂಪ್ಯೂಟರುಗಳಿಗೆ ಬರೆದ ಪ್ರೋಗ್ರಾಂಗಳು ಸಾವಿರಾರು ಕಚೇರಿಗಳಲ್ಲಿ ಬಳಕೆಯಲ್ಲಿದ್ದವು. ಹೊಸ ಸಾಲಿನ ಮಾಡೆಲ್ 30 ಯಂತ್ರಕ್ಕೆ 1401ರ ಸೂಚನೆಗಳನ್ನು ಅನುಕರಿಸುವ ಸೌಲಭ್ಯವನ್ನು ಮೈಕ್ರೊಕೋಡ್ ಮೂಲಕ ಕೊಡಲಾಯಿತು. ಗಿರಾಕಿಗಳು ಪ್ರೋಗ್ರಾಂಗಳನ್ನು ತಿರುಗಿ ಬರೆಯದೆಯೇ ಹೊಸ ಯಂತ್ರ ಕೊಂಡರು. ಎಮ್ಯುಲೇಟರ್ ಎಂಬ ಪದ ಈ ಅರ್ಥದಲ್ಲಿ ಬಳಕೆಗೆ ಬಂದದ್ದೂ ಆ ಕಾಲದ ಐಬಿಎಂನಲ್ಲಿಯೇ.

ನಿಜವಾದ ವರ್ಚುವಲ್ ಮಷೀನ್ ಬಂದದ್ದು ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್‌ನಲ್ಲಿದ್ದ ಐಬಿಎಂ ಕೇಂದ್ರದಿಂದ. ಅಲ್ಲಿ ರೂಪುಗೊಂಡ ಸಿಪಿ-40, ಅದರ ಬೆನ್ನಿಗೆ ಸಿಪಿ-67, ಒಂದೇ ಯಂತ್ರವನ್ನು ಹಲವು ಯಂತ್ರಗಳಂತೆ ಹಂಚಿದವು. 1972ರ ಆಗಸ್ಟ್ 2ರಂದು ಇದು ವಿಎಂ/370 ಎಂಬ ಉತ್ಪನ್ನವಾಗಿ ಪ್ರಕಟವಾಯಿತು. ಹಳೆಯ ಕಾರ್ಯಾಚರಣ ವ್ಯವಸ್ಥೆಯನ್ನೂ ಹೊಸದನ್ನೂ ಒಂದೇ ಯಂತ್ರದಲ್ಲಿ ಅಕ್ಕಪಕ್ಕ ಓಡಿಸುತ್ತ ಕೆಲಸವನ್ನು ಮೆಲ್ಲಮೆಲ್ಲನೆ ಹೊಸ ಕಡೆಗೆ ಸಾಗಿಸಲು ಸಂಸ್ಥೆಗಳು ಇದನ್ನು ಬಳಸಿದವು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಒಂದು ಸೂಚನಾಗಣವನ್ನು ವರ್ಚುವಲೈಸ್ ಮಾಡಲು ಯಾವ ಗುಣಗಳಿರಬೇಕೆಂದು ಗಣಿತದ ಖಚಿತತೆಯಲ್ಲಿ ವಿವರಿಸಿದರು. ಕಂಪ್ಯೂಟರಿನ ಸ್ಥಿತಿಯನ್ನು ಮುಟ್ಟುವ ಪ್ರತಿಯೊಂದು ಸೂಚನೆಯೂ, ಅಧಿಕಾರವಿಲ್ಲದ ಪ್ರೋಗ್ರಾಂ ಅದನ್ನು ನಡೆಸಲು ಹೋದಾಗ, ತಡೆಗೊಂಡು ಹೈಪರ್‌ವೈಸರಿನ ಕೈಗೆ ಬರಬೇಕು ಎಂಬುದು ಅವರ ನಿಯಮ.

ಮನೆ ಮತ್ತು ಕಚೇರಿಗಳಿಗೆ ಬಂದ ಎಕ್ಸ್86 ಈ ನಿಯಮವನ್ನು ಪಾಲಿಸುತ್ತಿರಲಿಲ್ಲ. ಪಾಪ್‌ಎಫ್ ಎಂಬ ಸೂಚನೆ ಇದಕ್ಕೆ ಸ್ಪಷ್ಟ ಉದಾಹರಣೆ. ಅಡಚಣೆ ಸಂಕೇತಗಳನ್ನು ತಡೆಹಿಡಿಯಲು ಕಾರ್ಯಾಚರಣ ವ್ಯವಸ್ಥೆ ಬಳಸುವ ಸೂಚನೆಗಳಲ್ಲಿ ಇದೂ ಒಂದು. ಕಡಿಮೆ ಅಧಿಕಾರದ ಗೆಸ್ಟ್ ಇದನ್ನು ನಡೆಸಿದರೆ ಪ್ರೊಸೆಸರ್ ಆಕ್ಷೇಪವೆತ್ತುವುದಿಲ್ಲ, ಆಜ್ಞೆಯನ್ನು ಸದ್ದಿಲ್ಲದೆ ಕಡೆಗಣಿಸಿ ಮುಂದಿನ ಸೂಚನೆಗೆ ಹೋಗುತ್ತದೆ. ತಡೆ ಜಾರಿಯಲ್ಲಿದೆ ಎಂದು ಗೆಸ್ಟ್ ತಿಳಿದುಕೊಂಡಿರುತ್ತದೆ. ಹೈಪರ್‌ವೈಸರಿಗೆ ಆ ವಿಷಯವೇ ಗೊತ್ತಾಗಿರುವುದಿಲ್ಲ. 2000ದಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ಪೆಂಟಿಯಂ ಪ್ರೊಸೆಸರಿನಲ್ಲಿ ಇಂಥ 17 ಸೂಚನೆಗಳನ್ನು ಗುರುತಿಸಿತು.

1998ರಲ್ಲಿ ಸ್ಥಾಪನೆಯಾಗಿ ಮರುವರ್ಷ ವರ್ಕ್‌ಸ್ಟೇಶನ್ ತಂತ್ರಾಂಶವನ್ನು ಹೊರತಂದ ವಿಎಂವೇರ್, ಗೆಸ್ಟ್‌ನ ಇಂಥ ಸೂಚನೆಗಳನ್ನು ಓಡುತ್ತಿರುವಾಗಲೇ ಹುಡುಕಿ ಬದಲಾಯಿಸಿ ಈ ತೊಡಕನ್ನು ದಾಟಿತು. 2003ರಲ್ಲಿ ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯದಿಂದ ಬಂದ ಕ್ಸೆನ್, ಗೆಸ್ಟ್ ವ್ಯವಸ್ಥೆಯನ್ನೇ ತಿದ್ದಿ ಹೊಂದಿಸುವ ದಾರಿ ಹಿಡಿಯಿತು. ಕೊನೆಗೆ ಪ್ರೊಸೆಸರ್ ತಯಾರಕರೇ ದೋಷವನ್ನು ತಿದ್ದಿದರು. ಇಂಟೆಲ್‌ನ ವಿಟಿ-ಎಕ್ಸ್ 2005ರ ನವೆಂಬರಿನಲ್ಲಿ, ಎಎಂಡಿ-ವಿ 2006ರಲ್ಲಿ ಬಂದವು. ಲಿನಕ್ಸ್‌ನ ಕೆವಿಎಂ ಇವುಗಳ ಮೇಲೆಯೇ ನಿಂತಿದ್ದು, 2007ರ ಫೆಬ್ರುವರಿಯಲ್ಲಿ 2.6.20 ಆವೃತ್ತಿಯೊಡನೆ ಬಳಕೆಗೆ ಬಂತು.

ರಚನೆ

ಹೋಸ್ಟ್‌ನ ಕಣ್ಣಿಗೆ ವಿಎಂ ಎಂದರೆ ಕೆಲವೇ ಕಡತಗಳ ಒಂದು ಫೋಲ್ಡರ್. ಅದರಲ್ಲಿ ದೊಡ್ಡದು ವರ್ಚುವಲ್ ಡಿಸ್ಕ್. ಗೆಸ್ಟ್ ಇದನ್ನು ಇಡೀ ಹಾರ್ಡ್ ಡಿಸ್ಕ್ ಎಂದೇ ತಿಳಿದು ಅದರಲ್ಲಿ ತನ್ನ ವಿಭಾಗಗಳನ್ನು ಮಾಡಿಕೊಳ್ಳುತ್ತದೆ. 60 ಜಿಬಿ ಎಂದು ಘೋಷಿಸಿದ ಡಿಸ್ಕ್ ಕಡತ ಮೊದಲಿಗೆ ಕೆಲವೇ ಎಂಬಿ ಇದ್ದು, ಬರೆದಷ್ಟೂ ಬೆಳೆಯುವ ಏರ್ಪಾಟು ಸಾಮಾನ್ಯ. ಜತೆಗೆ ಮೆಮೊರಿ ಎಷ್ಟು, ಪ್ರೊಸೆಸರ್ ಕೋರ್ ಎಷ್ಟು ಎಂದು ಹೇಳುವ ಪುಟ್ಟ ಪಠ್ಯ ಕಡತ ಇರುತ್ತದೆ. ಓಡುತ್ತಿರುವ ಗೆಸ್ಟನ್ನು ತಡೆದು ಮಲಗಿಸಿದರೆ ಅದರ ಮೆಮೊರಿಯ ಪ್ರತಿಯೂ ಅಲ್ಲೇ ಸೇರುತ್ತದೆ. ಆ ಹೊತ್ತಿನ ಸ್ಥಿತಿಯನ್ನು ಹಿಡಿದಿಟ್ಟು ಮತ್ತೆ ಅಲ್ಲಿಗೇ ಮರಳುವ ಸೌಲಭ್ಯಕ್ಕೆ ಸ್ನ್ಯಾಪ್‌ಶಾಟ್ ಎನ್ನುತ್ತಾರೆ.

ಗೆಸ್ಟ್‌ಗೆ ಕಾಣುವ ಯಂತ್ರಾಂಶ ಬಹುಪಾಲು ಹಳೆಯದು, ಅದೂ ಬೇಕೆಂದೇ ಆರಿಸಿದ್ದು. ಇಂಟೆಲ್‌ನ 1990ರ ದಶಕದ ಚಿಪ್‌ಸೆಟ್ಟು, ಎಲ್ಲ ವ್ಯವಸ್ಥೆಗಳಿಗೂ ಪರಿಚಿತವಾದ ನೆಟ್‌ವರ್ಕ್ ಕಾರ್ಡು ಎದುರಿಗಿದ್ದರೆ ವಿಂಡೋಸ್ ಎಕ್ಸ್‌ಪಿಯಂಥ ಗೆಸ್ಟ್ ಹೊಸ ಡ್ರೈವರ್ ಕೇಳದೆ ಏಳುತ್ತದೆ. ಹೋಸ್ಟ್‌ನ ನಿಜವಾದ ಕಾರ್ಡುಗಳು ಎಷ್ಟು ಹೊಸವಾದರೂ ಗೆಸ್ಟ್‌ಗೆ ಅವುಗಳ ಗೊಡವೆಯಿಲ್ಲ.

ಹೈಪರ್‌ವೈಸರುಗಳಲ್ಲಿ ಎರಡು ಬಗೆ. ನೇರವಾಗಿ ಯಂತ್ರಾಂಶದ ಮೇಲೆ ಕೂರುವ ಮೊದಲನೆಯ ಬಗೆಗೆ ವಿಎಂವೇರ್ ಇಎಸ್‌ಎಕ್ಸ್‌ಐ, ಕ್ಸೆನ್ ಉದಾಹರಣೆಗಳು. ಹೋಸ್ಟ್ ವ್ಯವಸ್ಥೆಯ ಮೇಲೆ ಪ್ರೋಗ್ರಾಮಿನಂತೆ ಓಡುವ ಎರಡನೆಯ ಬಗೆಗೆ ವರ್ಚುವಲ್‌ಬಾಕ್ಸ್, ಪ್ಯಾರಲಲ್ಸ್ ಡೆಸ್ಕ್‌ಟಾಪ್, ವಿಎಂವೇರ್ ಫ್ಯೂಷನ್ ಸೇರುತ್ತವೆ. ಮನೆಯ ಹಳೆಯ ಕಂಪ್ಯೂಟರುಗಳಲ್ಲಿ ಬಳಕೆಯಾಗುವುದು ಹೆಚ್ಚಾಗಿ ಎರಡನೆಯದೇ.

ಮ್ಯಾಕ್‌ಗಳ ಸ್ಥಿತ್ಯಂತರಗಳು

ಒಂದೇ ಹೆಸರಿನ ಕಂಪ್ಯೂಟರ್ ಮೂರು ಬಾರಿ ಪ್ರೊಸೆಸರಿನ ಬಗೆಯನ್ನೇ ಬದಲಿಸಿದ್ದು ಆಪಲ್‌ನ ಮ್ಯಾಕಿನಲ್ಲಿ. ಆದ್ದರಿಂದ ಈ ವಿಷಯವನ್ನು ಅರಿಯಲು ಇದಕ್ಕಿಂತ ತುಂಬಿದ ಉದಾಹರಣೆ ಇನ್ನೊಂದಿಲ್ಲ.

ಮೊದಲ ಹೊರಳು 1994ರ ಮಾರ್ಚಿನಲ್ಲಿ, ಮೋಟೊರೋಲಾ 68000 ಕುಟುಂಬದಿಂದ ಪವರ್‌ಪಿಸಿಗೆ. ಹಳೆಯ ಪ್ರೋಗ್ರಾಂಗಳಿಗಾಗಿ ಎಮ್ಯುಲೇಟರೊಂದು ಕಾರ್ಯಾಚರಣ ವ್ಯವಸ್ಥೆಯಲ್ಲೇ ಅಡಗಿತ್ತು. ಪವರ್‌ಪಿಸಿ ಮ್ಯಾಕ್‌ಗಳಲ್ಲಿ ವಿಂಡೋಸ್ ಬೇಕಾದವರಿಗೆ ಕನೆಕ್ಟಿಕ್ಸ್ ಸಂಸ್ಥೆಯ ವರ್ಚುವಲ್ ಪಿಸಿ 1997ರಿಂದ ದೊರೆಯಿತು. ಮೈಕ್ರೋಸಾಫ್ಟ್ ಇದನ್ನು 2003ರಲ್ಲಿ ಕೊಂಡಿತು. ಹೆಸರು ಏನೇ ಇರಲಿ, ಇದು ಎಮ್ಯುಲೇಟರ್. ಅದರ ವೇಗ ಎಂಥ ಸಣ್ಣ ಆಧಾರದ ಮೇಲೆ ನಿಂತಿತ್ತೆಂಬುದು 2003ರಲ್ಲಿ ಪವರ್‌ಪಿಸಿ ಸಾಲಿನ ಜಿ5 ಪ್ರೊಸೆಸರ್ ಬಂದಾಗ ಬಯಲಾಯಿತು. 12345678 ಎಂಬ ಹದಿನಾರಂಕಿ ಪದ್ಧತಿಯ ಸಂಖ್ಯೆಯನ್ನು ಪವರ್‌ಪಿಸಿ ಮೆಮೊರಿಯಲ್ಲಿ 12 34 56 78 ಎಂದು ಜೋಡಿಸಿದರೆ ಎಕ್ಸ್86 ಅದನ್ನೇ 78 56 34 12 ಎಂದು ತಿರುಗಿಸಿಡುತ್ತದೆ. ಜಿ3, ಜಿ4 ಪ್ರೊಸೆಸರುಗಳಲ್ಲಿ ಈ ತಿರುಗುಮುರುಗು ಕ್ರಮಕ್ಕೆ ಒಂದು ವಿಶೇಷ ಸ್ಥಿತಿ ಇತ್ತು, ವರ್ಚುವಲ್ ಪಿಸಿ ಅದನ್ನು ನೆಚ್ಚಿಕೊಂಡಿತ್ತು. ಜಿ5ರಲ್ಲಿ ಆ ಸ್ಥಿತಿಯನ್ನು ಕೈಬಿಟ್ಟರು. 2004ರಲ್ಲಿ ಏಳನೆಯ ಆವೃತ್ತಿ ಬರುವವರೆಗೆ ಆಪಲ್‌ನ ಅತಿ ವೇಗದ ಕಂಪ್ಯೂಟರಿನಲ್ಲಿ ಅದು ಓಡಲೇ ಇಲ್ಲ, ಹಳೆಯ ಜಿ4 ಕಂಪ್ಯೂಟರುಗಳಲ್ಲಿ ಓಡುತ್ತಿತ್ತು.

ಎರಡನೆಯ ಹೊರಳನ್ನು ಸ್ಟೀವ್ ಜಾಬ್ಸ್ 2005ರ ಜೂನ್ 6ರಂದು ಪ್ರಕಟಿಸಿದರು. ಮೊದಲ ಇಂಟೆಲ್ ಮ್ಯಾಕ್‌ಗಳು 2006ರ ಜನವರಿಯಲ್ಲಿ ಬಂದವು. ಪವರ್‌ಪಿಸಿ ಪ್ರೋಗ್ರಾಂಗಳನ್ನು ರೊಸೆಟಾ ಎಂಬ ಅನುವಾದಕ ಓಡಿಸಿತು. ಇಂಟೆಲ್ ಬಂದದ್ದರಿಂದ ಮ್ಯಾಕಿನಲ್ಲಿ ವಿಂಡೋಸ್ ಮೊದಲ ಬಾರಿಗೆ ಎಮ್ಯುಲೇಶನ್ ಇಲ್ಲದೆ ವರ್ಚುವಲೈಸೇಶನ್ ಮೂಲಕ ಓಡುವಂತಾಯಿತು. ಪ್ಯಾರಲಲ್ಸ್ 2006ರ ಜೂನಿನಲ್ಲಿ, ಫ್ಯೂಷನ್ 2007ರ ಆಗಸ್ಟಿನಲ್ಲಿ ಬಂದವು. ವರ್ಚುವಲ್ ಪಿಸಿಯನ್ನು ಇಂಟೆಲ್ ಮ್ಯಾಕಿಗೆ ತರುವುದಿಲ್ಲವೆಂದು ಮೈಕ್ರೋಸಾಫ್ಟ್ ತಿಳಿಸಿತು.

ರೊಸೆಟಾವನ್ನು ಆಪಲ್ ಮ್ಯಾಕ್ ಕಾರ್ಯಾಚರಣ ವ್ಯವಸ್ಥೆಯ 2011ರ ಲಯನ್ ಆವೃತ್ತಿಯಲ್ಲಿ ತೆಗೆದುಹಾಕಿತು. ಪವರ್‌ಪಿಸಿ ಕಾಲದ ಪ್ರೋಗ್ರಾಂಗಳನ್ನು ಬಿಡಲಾಗದವರು ಆಗ ಕಂಡುಕೊಂಡ ದಾರಿ ಗಮನಾರ್ಹ. ಲಯನ್‌ಗೆ ಹಿಂದಿನ ಸ್ನೋ ಲೆಪರ್ಡ್‌ನ ಸರ್ವರ್ ಆವೃತ್ತಿಯನ್ನು ವಿಎಂನಲ್ಲಿ ಓಡಿಸಲು ಪರವಾನಗಿ ಅವಕಾಶ ಕೊಡುತ್ತಿತ್ತು. ಹೊಸ ಇಂಟೆಲ್ ಮ್ಯಾಕಿನ ಮೇಲೆ ಹೈಪರ್‌ವೈಸರ್, ಅದರೊಳಗೆ ಸ್ನೋ ಲೆಪರ್ಡ್ ಸರ್ವರ್, ಅದರೊಳಗೆ ರೊಸೆಟಾ, ಅದರೊಳಗೆ ಪವರ್‌ಪಿಸಿ ಪ್ರೋಗ್ರಾಂ. 2019ರ ಕ್ಯಾಟಲಿನಾ 32 ಬಿಟ್ ಪ್ರೋಗ್ರಾಂಗಳನ್ನು ನಿಲ್ಲಿಸಿದಾಗಲೂ ಇದೇ ಉಪಾಯ ನೆರವಾಯಿತು. ಆಗ ಒಳಗಿದ್ದದ್ದು ಕ್ಯಾಟಲಿನಾಕ್ಕೆ ಹಿಂದಿನ ಆವೃತ್ತಿ ಮೊಹಾವಿ.

ಮೂರನೆಯ ಹೊರಳಿನಲ್ಲಿ ಈ ಗೋಪುರದ ಬುಡವೇ ಹೋಯಿತು. ಆಪಲ್ ಸಿಲಿಕಾನ್ ಹೆಸರಿನ ಆರ್ಮ್ ಪ್ರೊಸೆಸರುಗಳಿಗೆ ಹೋಗುವುದಾಗಿ 2020ರ ಜೂನ್ 22ರಂದು ಆಪಲ್ ಹೇಳಿತು, ನವೆಂಬರಿನಲ್ಲಿ ಎಂ1 ಮ್ಯಾಕ್‌ಗಳನ್ನು ತಂದಿತು, 2023ರ ಜೂನಿನಲ್ಲಿ ಮ್ಯಾಕ್ ಪ್ರೊದೊಂದಿಗೆ ಬದಲಾವಣೆ ಮುಗಿಸಿತು. ಇಂಟೆಲ್ ಪ್ರೋಗ್ರಾಂಗಳನ್ನು ರೊಸೆಟಾ 2 ಚೆನ್ನಾಗಿಯೇ ಅನುವಾದಿಸುತ್ತದೆ. ಎಕ್ಸ್86 ಪ್ರೊಸೆಸರ್ ಮೆಮೊರಿಗೆ ಬರೆಯುವಾಗ ಪಾಲಿಸುವ ಬಿಗಿಯಾದ ಕ್ರಮವನ್ನು ಪಾಲಿಸುವ ವಿಶೇಷ ಸ್ಥಿತಿಯೊಂದನ್ನು ಆಪಲ್ ತನ್ನ ಚಿಪ್ಪಿನಲ್ಲೇ ಇಟ್ಟಿದೆ. ಆದರೆ ರೊಸೆಟಾ 2 ಅನುವಾದಿಸುವುದು ಸಾಮಾನ್ಯ ಪ್ರೋಗ್ರಾಂಗಳನ್ನು ಮಾತ್ರ. ಕರ್ನಲ್‌ಗೆ ಸೇರುವ ಭಾಗಗಳನ್ನೂ ಎಕ್ಸ್86 ಕಂಪ್ಯೂಟರನ್ನು ವರ್ಚುವಲೈಸ್ ಮಾಡುವ ತಂತ್ರಾಂಶವನ್ನೂ ಅದು ಮುಟ್ಟುವುದಿಲ್ಲ. ಗೆಸ್ಟ್‌ನ ಕಾರ್ಯಾಚರಣ ವ್ಯವಸ್ಥೆ ಪ್ರೊಸೆಸರಿನ ಮೇಲಧಿಕಾರದ ಸೂಚನೆಗಳನ್ನು ಕೇಳುತ್ತದೆ, ಅವು ಎಂ1ರಲ್ಲಿ ಇಲ್ಲವೇ ಇಲ್ಲ.

ಹೀಗಾಗಿ ಇಂಟೆಲ್ ಮ್ಯಾಕಿನಲ್ಲಿ ಮಾಡಿಟ್ಟ ವಿಂಡೋಸ್ 7, ಎಕ್ಸ್‌ಪಿ, ಮೊಹಾವಿ, ಸ್ನೋ ಲೆಪರ್ಡ್ ವಿಎಂಗಳು ಹೊಸ ಮ್ಯಾಕಿನ ಪ್ಯಾರಲಲ್ಸ್ ಅಥವಾ ಫ್ಯೂಷನ್‌ನಲ್ಲಿ ವರ್ಚುವಲೈಸೇಶನ್ ಮೂಲಕ ಏಳುವುದಿಲ್ಲ. ಅಲ್ಲಿ ಗೆಸ್ಟ್ ಕೂಡ ಆರ್ಮ್ ಆಗಿರಬೇಕು: ಆರ್ಮ್‌ಗೆಂದು ಕಟ್ಟಿದ ವಿಂಡೋಸ್ 11, ಆರ್ಮ್ ಲಿನಕ್ಸ್, ಮಾಂಟೆರೆ ಅಥವಾ ನಂತರದ ಮ್ಯಾಕ್‌ಓಎಸ್. ಪ್ಯಾರಲಲ್ಸ್ ಎಂ1ಕ್ಕೆ ಹೊಂದಿಕೊಂಡದ್ದು 2021ರ ಏಪ್ರಿಲಿನಲ್ಲಿ, ಫ್ಯೂಷನ್ 2022ರ ನವೆಂಬರಿನಲ್ಲಿ. ಆರ್ಮ್ ವಿಂಡೋಸ್ 11ರೊಳಗೆ ಎಕ್ಸ್86 ಪ್ರೋಗ್ರಾಂಗಳನ್ನು ಓಡಿಸುವ ಮೈಕ್ರೋಸಾಫ್ಟ್‌ನದೇ ಅನುವಾದಕ ಇರುವುದರಿಂದ ಸಾಮಾನ್ಯ ಕಚೇರಿ ತಂತ್ರಾಂಶಗಳಿಗೆ ಇದು ಸಾಕಾಗುತ್ತದೆ. ಹಳೆಯ ಯಂತ್ರಗಳ ಡ್ರೈವರುಗಳಿಗೆ ಸಾಲದು, ಏಕೆಂದರೆ ಡ್ರೈವರ್ ಆರ್ಮ್‌ನದೇ ಆಗಿರಬೇಕು. 2022ರ ವೆಂಚುರಾದಿಂದ ಆರ್ಮ್ ಲಿನಕ್ಸ್ ಗೆಸ್ಟ್‌ನೊಳಗೂ ರೊಸೆಟಾವನ್ನು ಬಳಸಬಹುದು.

ವಿಂಡೋಸ್ ಮತ್ತು ಪಿಸಿಗಳು

ಪಿಸಿಗಳಲ್ಲಿ ಸೂಚನಾಗಣ ಬದಲಾಗಲಿಲ್ಲ, ಹಿಗ್ಗಿತು. ಹಾಗಾಗಿ ಇಲ್ಲಿ ವಿಎಂಗಳ ಬಾಳು ಸಲೀಸು. 1985ರ ಇಂಟೆಲ್ 80386 ತನ್ನೊಳಗೆ ಹಲವು 8086ಗಳನ್ನು ತೋರಿಸುವ ಸೌಲಭ್ಯ ತಂದಿತ್ತು, ಡಾಸ್ ಪ್ರೋಗ್ರಾಂಗಳು ವಿಂಡೋಸ್‌ನೊಳಗೆ ಕಿಟಕಿಯಲ್ಲಿ ಓಡಿದ್ದು ಅದರಿಂದ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಕೈಬಿಟ್ಟಿತು. ಅಂಥವಕ್ಕೆ 32 ಬಿಟ್ ಗೆಸ್ಟ್ ಬೇಕಾಯಿತು. 2009ರ ವಿಂಡೋಸ್ 7 ಜತೆಗೆ ಮೈಕ್ರೋಸಾಫ್ಟ್ ಎಕ್ಸ್‌ಪಿ ಮೋಡ್ ಹೆಸರಿನಲ್ಲಿ ಸಿದ್ಧ ಎಕ್ಸ್‌ಪಿ ವಿಎಂ ಒದಗಿಸಿತು. ಮೊದಲು ಇದಕ್ಕೆ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಕಡ್ಡಾಯವಾಗಿತ್ತು. ಆ ಸೌಲಭ್ಯವಿಲ್ಲದ ಕಂಪ್ಯೂಟರುಗಳು ಇನ್ನೂ ಬಹಳವಿದ್ದುದರಿಂದ 2010ರ ಮಾರ್ಚಿನಲ್ಲಿ ನಿಬಂಧನೆಯನ್ನು ತೆಗೆಯಲಾಯಿತು.

ಹಳೆಯ ಕಂಪ್ಯೂಟರಿನ ಮಿತಿಗಳು

ಮೊದಲು ನೋಡಬೇಕಾದದ್ದು ಪ್ರೊಸೆಸರಿನಲ್ಲಿ ವರ್ಚುವಲೈಸೇಶನ್ ಸೌಲಭ್ಯ ಇದೆಯೇ ಎಂಬುದನ್ನು. ಇಂಟೆಲ್ ಕೋರ್ 2 ಡ್ಯುಯೊದ ಇ4000 ಸರಣಿಯಂಥವುಗಳಲ್ಲಿ ಅದು ಇರಲಿಲ್ಲ. ಇದ್ದರೂ ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿಟ್ಟು ಮಾರಿದ ಲ್ಯಾಪ್‌ಟಾಪುಗಳು ಬಹಳ. 64 ಬಿಟ್ ಗೆಸ್ಟ್ ಏಳದಿರಲು ಅತಿ ಸಾಮಾನ್ಯ ಕಾರಣ ಇದು. ಸೆಟಪ್ ಪರದೆಯಲ್ಲಿ ಅದನ್ನು ಚಾಲೂ ಮಾಡಿ, ಕೆಲವು ಯಂತ್ರಗಳಲ್ಲಿ ಒಮ್ಮೆ ಪೂರ್ತಿ ಆಫ್ ಮಾಡಿ ಆನ್ ಮಾಡಬೇಕಾಗುತ್ತದೆ. ಗೆಸ್ಟ್‌ನ ಮೆಮೊರಿ ಕೋಷ್ಟಕಗಳನ್ನು ಪ್ರೊಸೆಸರೇ ನಿಭಾಯಿಸುವ ಎರಡನೆಯ ಹಂತದ ಸೌಲಭ್ಯ ಎಎಂಡಿಯಲ್ಲಿ 2007ರಲ್ಲಿ, ಇಂಟೆಲ್‌ನ ನೆಹಾಲೆಂನಲ್ಲಿ 2008ರಲ್ಲಿ ಬಂತು. ವಿಂಡೋಸ್ 8ರ ಹೈಪರ್-ವಿ ಎಂಬ ಹೈಪರ್‌ವೈಸರ್ ಇದಿಲ್ಲದೆ ಓಡುವುದಿಲ್ಲ. ವರ್ಚುವಲ್‌ಬಾಕ್ಸ್ ಕೂಡ 2019ರ 6.1 ಆವೃತ್ತಿಯಿಂದ ವಿಟಿ-ಎಕ್ಸ್ ಅಥವಾ ಎಎಂಡಿ-ವಿ ಇಲ್ಲದ ಪ್ರೊಸೆಸರುಗಳನ್ನು ಬಿಟ್ಟಿತು.

ಹೋಸ್ಟ್‌ನಲ್ಲಿಲ್ಲದ ಸೂಚನೆ ಗೆಸ್ಟ್‌ಗೂ ಸಿಗದು. 2024ರ ವಿಂಡೋಸ್ 11 ಆವೃತ್ತಿ ಪಾಪ್‌ಕೌಂಟ್ ಎಂಬ ಸೂಚನೆಯನ್ನು ಕೇಳುತ್ತದೆ, ಕೋರ್ 2 ಪೀಳಿಗೆಯಲ್ಲಿ ಅದಿಲ್ಲ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನು ವಿಎಂನಲ್ಲಿ ತಂತ್ರಾಂಶದಿಂದಲೇ ಒದಗಿಸಿ ಆ ನಿಬಂಧನೆಯನ್ನು ದಾಟಬಹುದು, ಪಾಪ್‌ಕೌಂಟನ್ನು ಹಾಗೆ ದಾಟಲಾಗದು.

ನಿತ್ಯದ ಅನುಭವದಲ್ಲಿ ಎಲ್ಲಕ್ಕಿಂತ ಮೊದಲು ಸಾಲದಾಗುವುದು ಮೆಮೊರಿ. 8 ಜಿಬಿ ಇರುವ ಕಂಪ್ಯೂಟರಿನಲ್ಲಿ ಗೆಸ್ಟ್‌ಗೆ 6 ಜಿಬಿ ಕೊಟ್ಟರೆ ಹೋಸ್ಟ್ ತನ್ನ ಪುಟಗಳನ್ನು ಡಿಸ್ಕಿಗೆ ಸಾಗಿಸತೊಡಗುತ್ತದೆ. ಗೆಸ್ಟ್‌ನ ಡಿಸ್ಕೂ ಅದೇ ಡಿಸ್ಕಿನಲ್ಲಿರುವುದರಿಂದ ಎರಡೂ ನಿಧಾನವಾಗುತ್ತವೆ. 4 ಜಿಬಿಗೆ ಮೀರದಂತೆ ಕೊಡುವುದು ಒಳ್ಳೆಯದು. ಎಕ್ಸ್‌ಪಿಗೆ 512 ಎಂಬಿ ಸಾಕು. ತಿರುಗುವ ಹಾರ್ಡ್ ಡಿಸ್ಕನ್ನು ಎಸ್‌ಎಸ್‌ಡಿಗೆ ಬದಲಿಸುವುದು, ಹಳೆಯ ಯಂತ್ರದ ಮೇಲೆ ಮಾಡುವ ಬೇರಾವ ಖರ್ಚಿಗಿಂತಲೂ ಹೆಚ್ಚು ಫಲ ಕೊಡುತ್ತದೆ.

ಸ್ಥಳಾಂತರ

ಓಡುತ್ತಿರುವ ಹಳೆಯ ಕಂಪ್ಯೂಟರನ್ನೇ ವಿಎಂ ಆಗಿಸುವುದಕ್ಕೆ ಪಿ2ವಿ ಎನ್ನುತ್ತಾರೆ. ಮೈಕ್ರೋಸಾಫ್ಟ್‌ನ ಡಿಸ್ಕ್2ವಿಎಚ್‌ಡಿ ಉಪಕರಣ ಚಾಲ್ತಿಯಲ್ಲಿರುವ ವಿಂಡೋಸ್‌ನಿಂದಲೇ ವರ್ಚುವಲ್ ಡಿಸ್ಕ್ ತಯಾರಿಸುತ್ತದೆ. ವಿಎಂಡಿಕೆ, ವಿಡಿಐ, ವಿಎಚ್‌ಡಿ, ಕ್ಯೂಕೌ2 ಎಂಬ ಡಿಸ್ಕ್ ಸ್ವರೂಪಗಳನ್ನು ಒಂದರಿಂದ ಒಂದಕ್ಕೆ ಬದಲಿಸಬಹುದು, ಇಡೀ ವಿಎಂ ಸಾಗಿಸಲು ಒವಿಎಫ್ ಎಂಬ ಸಾಮಾನ್ಯ ಮಾನಕವಿದೆ. ಸಾಗಿಸುವ ಮುನ್ನ ಗೆಸ್ಟನ್ನು ಪೂರ್ತಿ ಶಟ್‌ಡೌನ್ ಮಾಡಲೇಬೇಕು. ಮಲಗಿಸಿದ ಸ್ಥಿತಿಯಲ್ಲಿ ಸಾಗಿಸಿದರೆ, ಹಿಂದಿನ ಪ್ರೊಸೆಸರಿನ ಗುಣಗಳನ್ನು ನೆನಪಿಟ್ಟುಕೊಂಡ ಮೆಮೊರಿ ಪ್ರತಿ ಬೇರೆ ಪೀಳಿಗೆಯ ಪ್ರೊಸೆಸರಿನಲ್ಲಿ ಮತ್ತೆ ಏಳದಿರಬಹುದು. ಕಂಪ್ಯೂಟರಿನೊಡನೆ ಬಂದ ಒಇಎಂ ವಿಂಡೋಸ್ ಪರವಾನಗಿ ಆ ಯಂತ್ರಕ್ಕೇ ಅಂಟಿರುವುದರಿಂದ ವಿಎಂನಲ್ಲಿ ಹೊಸ ಪರವಾನಗಿ ಬೇಕಾಗುತ್ತದೆ.

ಉಪಯೋಗಗಳು

ಲೆಕ್ಕಪತ್ರದ ಹಳೆಯ ತಂತ್ರಾಂಶ, ಕಾರ್ಖಾನೆಯ ಯಂತ್ರಗಳ ನಿಯಂತ್ರಣ, ಪ್ರಯೋಗಾಲಯದ ಉಪಕರಣಗಳು, ಹಳೆಯ ಬ್ರೌಸರನ್ನೇ ಕೇಳುವ ಆಂತರಿಕ ಜಾಲತಾಣಗಳು ಸಾಮಾನ್ಯ ಬಳಕೆಯ ಕ್ಷೇತ್ರಗಳು. ಯುಎಸ್‌ಬಿ ಡಾಂಗಲ್ ಬೇಕಾದ ತಂತ್ರಾಂಶಕ್ಕೆ ಹೈಪರ್‌ವೈಸರ್ ಆ ಡಾಂಗಲನ್ನು ಗೆಸ್ಟ್‌ಗೆ ಒಪ್ಪಿಸಬಲ್ಲದು. ಪ್ರಿಂಟರ್ ಪೋರ್ಟಿನ ಡಾಂಗಲ್ ಆದರೆ ಹೋಸ್ಟ್‌ನಲ್ಲಿ ಆ ಪೋರ್ಟ್ ಇರಬೇಕು, ಇದು ಹಳೆಯ ಯಂತ್ರವನ್ನು ಇಟ್ಟುಕೊಳ್ಳಲು ಇನ್ನೊಂದು ಕಾರಣ.

ಕನ್ನಡ ಮುದ್ರಣಕ್ಕೆ ಇದು ನೇರವಾಗಿ ಸಂಬಂಧಿಸಿದ ವಿಷಯ. ಯುನಿಕೋಡ್ ನೆಲೆಯೂರುವ ಮುನ್ನ ಪುಸ್ತಕ, ಪತ್ರಿಕೆಗಳ ಪುಟಗಳು ನುಡಿ, ಶ್ರೀಲಿಪಿ ಮೊದಲಾದ ಅಕ್ಷರಶೈಲಿಗಳಲ್ಲಿ ಅಡೋಬಿ ಪೇಜ್‌ಮೇಕರಿನಲ್ಲಿ ಸಿದ್ಧವಾಗುತ್ತಿದ್ದವು. ಅಲ್ಲಿ ಕನ್ನಡದ ಪ್ರತಿ ತುಣುಕೂ ರೋಮನ್ ಅಕ್ಷರದ ಸ್ಥಾನದಲ್ಲಿ ಕೂತಿರುತ್ತದೆ. ಫಾಂಟ್ ಇಲ್ಲದೆ ಕಡತ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಸಾಲುಗಳು. ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಆದರೆ ಪುಟವಿನ್ಯಾಸ ಹಾಗೇ ಬೇಕಾದರೆ ಪೇಜ್‌ಮೇಕರೇ ಬೇಕು. 2001ರ ಏಳನೆಯ ಆವೃತ್ತಿಯೇ ಅದರ ಕೊನೆಯದು. ಇಂದಿನ ಇನ್‌ಡಿಸೈನ್ ಆ ಕಡತಗಳನ್ನು ತೆರೆಯುವುದಿಲ್ಲ. ಎಕ್ಸ್‌ಪಿ ಗೆಸ್ಟ್‌ನಲ್ಲಿ ಪೇಜ್‌ಮೇಕರ್ 7 ಮತ್ತು ಆಯಾ ಫಾಂಟುಗಳನ್ನು ಒಟ್ಟಿಗೆ ಸ್ಥಾಪಿಸಿ, ಪುಟಗಳನ್ನು ಪಿಡಿಎಫ್ ಆಗಿ ಹೊರತೆಗೆದು, ಆ ವಿಎಂ ಫೋಲ್ಡರನ್ನು ಪುಸ್ತಕದ ಕಡತಗಳೊಡನೆ ಕಾದಿರಿಸುವುದು ಪ್ರಕಾಶಕರಿಗೂ ಗ್ರಂಥಭಂಡಾರಗಳಿಗೂ ತಕ್ಕ ವಿಧಾನ. ಎರಡು ದಶಕಗಳ ಕನ್ನಡ ಪುಟಗಳು ಮರುಮುದ್ರಣಕ್ಕೆ ಒದಗುವುದು ಇದರಿಂದ.

ಭದ್ರತೆ

ಎಕ್ಸ್‌ಪಿಗೆ 2014ರ ಏಪ್ರಿಲ್ 8ರ ನಂತರ, ವಿಂಡೋಸ್ 7ಕ್ಕೆ 2020ರ ಜನವರಿ 14ರ ನಂತರ ಸಾಮಾನ್ಯ ಬಳಕೆದಾರರಿಗೆ ನಿಯಮಿತ ಭದ್ರತಾ ತಿದ್ದುಪಡಿಗಳಿಲ್ಲ. ಇಂಥ ಗೆಸ್ಟನ್ನು ಅಂತರಜಾಲಕ್ಕೆ ಜೋಡಿಸಬಾರದು. ಅದರ ನೆಟ್‌ವರ್ಕ್ ಕಾರ್ಡನ್ನು ತೆಗೆದುಹಾಕಬೇಕು ಇಲ್ಲವೇ ಹೋಸ್ಟ್‌ನೊಡನೆ ಮಾತ್ರ ಸಂಪರ್ಕವಿರುವಂತೆ ಹೊಂದಿಸಬೇಕು. 2018ರ ಜನವರಿಯಲ್ಲಿ ಪ್ರಕಟವಾದ ಮೆಲ್ಟ್‌ಡೌನ್, ಸ್ಪೆಕ್ಟರ್ ಎಂಬ ಪ್ರೊಸೆಸರ್ ದೋಷಗಳೂ ಅದೇ ಆಗಸ್ಟಿನ ಎಲ್1ಟಿಎಫ್ ದೋಷವೂ ಗೆಸ್ಟ್ ಮತ್ತು ಹೋಸ್ಟ್ ನಡುವಿನ ಗೋಡೆಯನ್ನೇ ಪ್ರಶ್ನಿಸಿದವು. ಪೆನ್ರಿನ್‌ನಂಥ ಹಳೆಯ ಪೀಳಿಗೆಗಳಿಗೆ ಸ್ಪೆಕ್ಟರ್ ತಿದ್ದುಪಡಿ ಕೊಡುವುದಿಲ್ಲವೆಂದು ಇಂಟೆಲ್ ಹೇಳಿತು. ಕೊಟ್ಟ ಕಡೆಗಳಲ್ಲೂ ವಿಎಂಗಳ ವೇಗ ಸ್ವಲ್ಪ ತಗ್ಗಿತು.

ಪ್ರಸ್ತುತ ಸ್ಥಿತಿ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅರ್ಹವಲ್ಲದ ಕಂಪ್ಯೂಟರುಗಳಲ್ಲಿ ಲಿನಕ್ಸ್ ಹಾಕಿ, ವಿಂಡೋಸ್ 10 ಅನ್ನು ಗೆಸ್ಟ್ ಆಗಿ ಒಳಗಿಟ್ಟುಕೊಳ್ಳುವುದು ಸಾಧ್ಯವಿರುವ ಒಂದು ಮಾರ್ಗ. ಇಂಟೆಲ್ ಮ್ಯಾಕ್‌ಗಳಿಗೆ 2025ರ ಟಾಹೋ ಕೊನೆಯ ಮ್ಯಾಕ್‌ಓಎಸ್, ಅದೂ ನಾಲ್ಕು ಮಾದರಿಗಳಿಗೆ ಮಾತ್ರ. ರೊಸೆಟಾ 2 ಅನ್ನು ಮ್ಯಾಕ್‌ಓಎಸ್ 27ರವರೆಗೆ ಪೂರ್ತಿಯಾಗಿ ಉಳಿಸಿ, ಆಮೇಲೆ ಹಳೆಯ ಆಟಗಳಿಗಷ್ಟೇ ಸೀಮಿತಗೊಳಿಸುವುದಾಗಿ ಆಪಲ್ ತಿಳಿಸಿದೆ. ಫ್ಯೂಷನ್ ಮತ್ತು ವರ್ಕ್‌ಸ್ಟೇಶನ್ 2024ರ ನವೆಂಬರಿನಿಂದ ಎಲ್ಲರಿಗೂ ಉಚಿತ. ವರ್ಚುವಲ್‌ಬಾಕ್ಸ್ 7.1 ಆರ್ಮ್ ಮ್ಯಾಕ್‌ಗಳಲ್ಲಿ ಆರ್ಮ್ ಗೆಸ್ಟ್‌ಗಳನ್ನು ಓಡಿಸುತ್ತದೆ. ಪ್ಯಾರಲಲ್ಸ್ 2025ರ ಆರಂಭದಲ್ಲಿ ಆಪಲ್ ಸಿಲಿಕಾನ್ ಮೇಲೆ ಎಕ್ಸ್86 ಗೆಸ್ಟ್‌ಗಳ ಎಮ್ಯುಲೇಶನ್ನನ್ನು ಪ್ರಾಯೋಗಿಕವಾಗಿ ಬಿಡುಗಡೆ ಮಾಡಿತು, ಅದು ನಿಧಾನ.

ಫಾಬ್ರಿಸ್ ಬೆಲ್ಲಾರ್ 2003ರಲ್ಲಿ ಆರಂಭಿಸಿದ ಕ್ಯೂಇಎಂಯು ಮತ್ತು ಅದನ್ನು ಆಧರಿಸಿದ ಯುಟಿಎಂ ಆರ್ಮ್ ಮ್ಯಾಕ್‌ನಲ್ಲೂ ಎಕ್ಸ್86, ಪವರ್‌ಪಿಸಿ ಕಂಪ್ಯೂಟರುಗಳನ್ನು ಪೂರ್ತಿಯಾಗಿ ಅನುಕರಿಸುತ್ತವೆ. ಗೆಸ್ಟ್ ಎಷ್ಟು ಹಳೆಯದೋ ಅಷ್ಟು ಸಲೀಸು: ಡಾಸ್ ಮತ್ತು ವಿಂಡೋಸ್ 98ಕ್ಕೆ ತೊಂದರೆಯೇ ಇಲ್ಲ, ಎಕ್ಸ್‌ಪಿ ಕೆಲಸ ಮಾಡಲು ಸಾಕಾಗುವಷ್ಟು ಓಡುತ್ತದೆ, ವಿಂಡೋಸ್ 10 ತೆವಳುತ್ತದೆ. ಎಕ್ಸ್86 ವಿಂಡೋಸ್ 7, ವಿಂಡೋಸ್ 10 ಮತ್ತು ಮೊಹಾವಿ ಗೆಸ್ಟ್‌ಗಳನ್ನು ನಿತ್ಯ ಬಳಸುವವರಿಗೆ ಸದ್ಯಕ್ಕೆ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನ ಕಂಪ್ಯೂಟರೇ ಗತಿ. ಮೊಹಾವಿಯನ್ನು ಆಪಲ್ ಕಂಪ್ಯೂಟರಿನಲ್ಲಿ ಮಾತ್ರ ಓಡಿಸಬೇಕೆಂದು ಪರವಾನಗಿ ಹೇಳುವುದರಿಂದ ಅದಕ್ಕೆ ಇಂಟೆಲ್ ಮ್ಯಾಕೇ ಬೇಕು.